ಒಂದೂವರೆ ಅಡಿ

ಶೇವಂತಿ ತಾಂಡೇಲ ನನ್ನ ವೆಲ್ಡಿಂಗ್ ಶೆಡ್ಡಿಗೆ ಬಂದದ್ದು
ಗೂಟಗಳನ್ನು ಸೆರಗಿನಲ್ಲಿ ಕಟ್ಟಿಕೊಂಡು.
ಬೆಂಚಿನ ಮೇಲೆ ಸುರಿದಳು:
ಒಣಶೆಟ್ಲಿಯ ಹಾಗೆ ಬಾಗಿದ ಆರು ಕಬ್ಬಿಣ.
"ಇನಾಸಾ, ಇವು ನಿನ್ನ ಅಪ್ಪ ಮಾಡಿಕೊಟ್ಟವು.
ಮರಳಲ್ಲಿ ಸಮ ಇದ್ದವು. ಗುಡ್ಡದ ಮೇಲೆ ನಿಲ್ಲೂದಿಲ್ಲ."

ಕೆಳಗೆ ದಂಡೆಗೆ ಬೇಲಿ ಬಿದ್ದ ಮೇಲೆ
ಮೀನು ಒಣಗಿಸುವ ಏಳು ಹೆಂಗಸರು ಹತ್ತಿಬಂದಿದ್ದರು
ಬೇಲೆಕೇರಿಯ ಬೋಳುಗುಡ್ಡಕ್ಕೆ, ಚಿರೆಕಲ್ಲಿನ ನೆಲಕ್ಕೆ.
ಅಲ್ಲಿ ಮೇ ತಿಂಗಳ ಸಂಜೆಗಾಳಿ
ತಾಡಪಾಲನ್ನು ಮೂರು ಸಲ ಎತ್ತಿಕೊಂಡು ಹೋಗಿತ್ತು,
ಒಮ್ಮೆ ಶಾಲೆಯ ಮಾಡಿನ ತನಕ.

ನೆಲ ನೋಡಲು ಹೋದೆ. ಹಾರೆ ಹೊಡೆದರೆ
ಕಿಡಿ ಹಾರಿತು, ಮೊಣಕೈಗೆ ಜುಮ್ಮೆಂದಿತು.
ಮೊದಲನೆಯದು ಹನ್ನೆರಡು ಎಂಎಂ ಸರಳು, ಚೂಪು ಮೂತಿ;
ಮೂರನೇ ಏಟಿಗೆ ತಲೆ ಅಣಬೆಯಾಯಿತು.
ಆಮೇಲೆ ತಿರುಪಿನದು. ಅದನ್ನು ಕಲ್ಲು
ಒಳಗೆ ಕರೆಯಲೇ ಇಲ್ಲ;
ತಿರುಗಿಸಿದಷ್ಟೂ ಕಬ್ಬಿಣವೇ ಹಗ್ಗದಂತೆ ಹೊಸೆದುಕೊಂಡಿತು.

"ಉದ್ದ ಮಾಡು ಮಾರಾಯ, ಆಳಕ್ಕೆ ಇಳಿಸು" ಅಂದರು
ಬೈಕಿನಿಂದ ಇಳಿಯದೆ ನೋಡುತ್ತಿದ್ದವರು.
ಆಳ ಹೋದರೆ ಗಟ್ಟಿ ಅನ್ನುವವರು
ಈ ಗುಡ್ಡ ಕೊರೆದವರಲ್ಲ.
ಎರಡು ಅಡಿ ಕೆಳಗೆ ಶೇಡಿಮಣ್ಣು,
ಬಿಳಿ, ನುಣುಪು, ಬೆರಳಿಗೆ ಬೆಣ್ಣೆ,
ಮಳೆಗಾಲದಲ್ಲಿ ಯಾವುದನ್ನೂ ಹಿಡಿದಿಡುವುದಿಲ್ಲ.
ಗಟ್ಟಿ ಇರುವುದು ಮೇಲಿನ ಹೆಕ್ಕಳೆ ಮಾತ್ರ,
ಬಿಸಿಲು ಗಾಳಿ ಕುಡಿದು ಕುಡಿದು ಕಲ್ಲಾದದ್ದು.
ನಿಲ್ಲುವುದಾದರೆ ಅದರಲ್ಲೇ.
ಡೈರಿಯಲ್ಲಿ ಬರೆದೆ: ಒಂದೂವರೆ ಅಡಿ.
ಕೆಳಗೆ ಎರಡು ಗೆರೆ ಎಳೆದೆ.

ಒಂದು ವಾರ ನಿದ್ದೆ ಇಲ್ಲ.
ಕೊನೆಗೆ ನೆನಪಾದದ್ದು ಗಜನಿಯ ಏಡಿ.
ಬಿಲಕ್ಕೆ ಕೈ ಹಾಕಿ ಚಿಪ್ಪು ಹಿಡಿದರೂ
ಅದು ಕಾಲು ಅಗಲಿಸಿ ಗೋಡೆಗೆ ಒದ್ದು ಕೂರುತ್ತಿತ್ತು,
ಎಳೆದಷ್ಟೂ ಬಿಗಿ. ತಮ್ಮ ಅಳುತ್ತಿದ್ದ.

ಹಾಗಾಗಿ: ಒಂದು ಕೊಳವೆ, ಬುಡದಲ್ಲಿ ನಾಲ್ಕು ಸೀಳು.
ಒಳಗೊಂದು ಸರಳು, ಅದರ ತುದಿಗೆ
ಮೊನೆ ಮೇಲಾಗಿ ಬೆಸೆದ ಬುಗುರಿ.
ಸರಳನ್ನು ಎಳೆದರೆ ಬುಗುರಿ ಮೇಲೇರುತ್ತದೆ,
ಸೀಳುಗಳು ಅರಳಿ ಕಲ್ಲನ್ನು ಕಚ್ಚುತ್ತವೆ.
ತೂತು ನೆಟ್ಟಗಲ್ಲ, ಹಗ್ಗ ಎಳೆಯುವ ಓರೆಗೆ.

ಪರೀಕ್ಷೆಗೆ ಐಸ್ ಫ್ಯಾಕ್ಟರಿಯ ಚೈನ್ ಪುಲ್ಲಿ,
ಮೂರು ಗಾಳಿಮರದ ಕಂಬ, ಮೀನು ತೂಗುವ ಸ್ಪ್ರಿಂಗ್ ತಕ್ಕಡಿ.
ಶೇವಂತಿ ಹರಾಜಿನ ದನಿಯಲ್ಲಿ ಕೂಗಿದಳು:
ನೂರು. ನೂರೈವತ್ತು. ಇನ್ನೂರು, ಇನ್ನೂರು...
ಮುನ್ನೂರ ನಲವತ್ತಕ್ಕೆ
ತಕ್ಕಡಿಯ ಕೊಂಡಿ ಕಿತ್ತು ನನ್ನ ಕಿವಿ ಸವರಿ ಹೋಯಿತು.
ಗೂಟ ಅಲ್ಲೇ.

ಜೂನ್ ಮೊದಲ ಗಾಳಿಗೆ
ತಾಡಪಾಲು ನಟ್ಟನಡುವೆ ಸೀಳಿತು.
ಬೆಳಿಗ್ಗೆ ನೋಡಿದರೆ ನಾಲ್ಕು ಮೂಲೆಯೂ ಇದೆ,
ಮಧ್ಯೆ ಆಕಾಶ.
"ಗೂಟಕ್ಕೆ ಬೈಯೂಕೆ ಬರೂದಿಲ್ಲ" ಅಂತ ನಕ್ಕು
ಹೊಲಿಯಲು ಕೂತಳು, ಬಲೆಯ ದಬ್ಬಣ ಹಿಡಿದು.

ಆಶ್ವಿಜದಲ್ಲಿ ಕಾಗದ ಬಂತು. ಗುಡ್ಡದ ಈ ಮಗ್ಗುಲೂ
ಯಾರದೋ ನಕ್ಷೆಯೊಳಗಿತ್ತು. ಎಂಟು ದಿನ ಗಡುವು.
"ಬಿಚ್ಚಿಕೊಡು, ಅತ್ತ ಮಗ್ಗುಲಿಗೆ ಹೋಗ್ತೇವೆ."
ಸರಳನ್ನು ಕೆಳಕ್ಕೆ ಬಡಿದರೆ ಬುಗುರಿ ಕಳಚಬೇಕಿತ್ತು;
ಉಪ್ಪುಗಾಳಿ ಅಷ್ಟರಲ್ಲೇ ಎರಡನ್ನೂ ಒಂದು ಮಾಡಿತ್ತು.
ಬಡಿದೆ. ಸೀಮೆಎಣ್ಣೆ ಸುರಿದೆ. ಮತ್ತೆ ಬಡಿದೆ.
ಡೈರಿ ತಿರುವಿದೆ: ಹಿಡಿಯುವುದರ ಲೆಕ್ಕ ಹನ್ನೊಂದು ಪುಟ,
ಬಿಡುವುದರ ಬಗ್ಗೆ ಒಂದು ಸಾಲೂ ಇಲ್ಲ.

ಇಪ್ಪತ್ತೆಂಟು ಬಳೆಗಳು ಈಗಲೂ ಅಲ್ಲೇ, ನೆಲದ ಮಟ್ಟಕ್ಕೆ.
ಅಳತೆಯವನು ಒಂದಕ್ಕೆ ಎಡವಿ ಉಗುರು ಕಿತ್ತುಕೊಂಡನಂತೆ.
ಇನ್ನೊಂದಕ್ಕೆ ಯಾರದೋ ಆಡು.

ನಿನ್ನೆ ಶೇವಂತಿ ಫೋನ್ ಮಾಡಿದ್ದಳು, ಹಿಂದೆ ಗಾಳಿ ಸದ್ದು.
ತಾನೇ ಹಾರೆ ಹಾಕಿ ನೋಡಿದ್ದಾಳೆ.
"ಇಲ್ಲಿ ಒಂದೇ ಅಡಿಗೆ ಶೇಡಿ ಬಂತು, ಇನಾಸಾ.
ಈಗ ಎಂತ ಮಾಡೂದು, ಹೇಳು?"